ಹಿಮದಲ್ಲಿ ನಿಂತವನ ಕಾಲಿಗೆ ಏನಿತ್ತು?

(ಕಳಸದಲ್ಲಿ ತೋಟದ ಕೆಲಸಗಾರರೂ ರೈತರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ದೇಶರಕ್ಷಣೆಯ ವಿಷಯ ಮಾತನಾಡಬೇಕೆಂದು ನಮ್ಮನ್ನು ಕರೆದಿದ್ದೀರಿ. ದೇಶರಕ್ಷಣೆ ಎಂದ ಕೂಡಲೆ ಭಾಷಣಕಾರರ ಕಣ್ಣು ಮೇಲಕ್ಕೆ ಹೋಗುತ್ತದೆ. ಬಾವುಟ ಕಾಣುತ್ತದೆ, ವಿಮಾನ ಕಾಣುತ್ತದೆ, ಹಿಮಾಲಯದ ಶಿಖರ ಕಾಣುತ್ತದೆ. ನಾವು ಈ ಹೊತ್ತು ಸ್ವಲ್ಪ ಕೆಳಕ್ಕೆ ನೋಡೋಣ. ಆ ಶಿಖರದ ಮೇಲೆ ಕಾವಲು ನಿಂತವನ ಕಾಲಿಗೆ ಏನಿತ್ತು ಎಂಬ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ಹೊರಡೋಣ. ಇದೇನು ಸಣ್ಣ ಪ್ರಶ್ನೆ ಎಂದು ನಗುವವರು ನಗಲಿ. ಕಾಲಿನ ವಿಷಯದಲ್ಲಿ ಕಳಸದ ಜನಕ್ಕೆ ಇರುವಷ್ಟು ವಿದ್ಯೆ ದೆಹಲಿಯ ಕಚೇರಿಗಳಲ್ಲಿ ಇರಲಾರದು.

ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಇಲ್ಲಿ ಕಾಲು ಒಣಗುವುದು ರಾತ್ರಿ ಬಚ್ಚಲ ಒಲೆಯ ಮುಂದೆ ಕೂತಾಗ ಮಾತ್ರ. ಬೆಳಗಾದರೆ ಮತ್ತೆ ಗದ್ದೆಯ ಕೆಸರು, ತೋಟದ ತರಗು, ಇಂಬಳ. ನಾಲ್ಕು ದಿನ ಹೀಗೆ ಹೋದರೆ ಬೆರಳಿನ ಸಂದು ಬೆಳ್ಳಗಾಗಿ ಸುಲಿಯುತ್ತದೆ, ಕೆಸರು ತಿನ್ನುತ್ತದೆ. ಹಿಮ್ಮಡಿ ಬಿರಿಯುತ್ತದೆ. ಗೇರೆಣ್ಣೆ ಹಚ್ಚಿ, ಬೆಂಕಿ ಕಾಯಿಸಿ, ಮಾರನೆಯ ದಿನ ಮತ್ತೆ ಅದೇ ಕಾಲನ್ನು ಅದೇ ಕೆಸರಿಗೆ ಇಡುತ್ತೀರಿ. ತೇವ ಕಾಲನ್ನು ಏನು ಮಾಡುತ್ತದೆಂಬುದು ನಿಮಗೆ ಗೊತ್ತು. ಆ ತೇವದ ಜೊತೆಗೆ ಚಳಿ ಕೂಡಿಕೊಂಡರೆ ಏನಾಗುತ್ತದೆ, ಬಚ್ಚಲ ಒಲೆಯೂ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಸೇರಿಸಿಕೊಂಡರೆ ಸೈನಿಕನ ಕಥೆ ಅರ್ಥವಾಗುತ್ತದೆ.

ನಮ್ಮ ದೇಶದ ಸೈನಿಕರು ಅದನ್ನು ದೊಡ್ಡ ಸಂಖ್ಯೆಯಲ್ಲಿ ಅನುಭವಿಸಿದ್ದು 1914ರಲ್ಲಿ, ಫ್ರಾನ್ಸಿನಲ್ಲಿ. ಲಾಹೋರ್ ಮತ್ತು ಮೀರತ್ ಎಂಬ ಎರಡು ಡಿವಿಜನ್‌ಗಳನ್ನು ಬ್ರಿಟಿಷ್ ಸರಕಾರ ಹಡಗು ಹತ್ತಿಸಿ ಮಾರ್ಸೇಲ್ಸ್ ಬಂದರಿಗೆ ಒಯ್ದಿತು. ಮೈಮೇಲಿದ್ದದ್ದು ಹತ್ತಿಯ ಖಾಕಿ. ಅಕ್ಟೋಬರ್ ಕಳೆಯುವ ಹೊತ್ತಿಗೆ ಅವರು ಫ್ಲಾಂಡರ್ಸಿನ ಕಂದಕಗಳಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಚಳಿಯ ಉಡುಪು ಬಂತು, ಆದರೆ ಚಳಿ ಬಂದ ಮೇಲೆ ಬಂತು. ಅಂಥ ನೀರಿನಲ್ಲಿ ದಿನಗಟ್ಟಲೆ ನಿಂತ ಕಾಲು ಹೆಪ್ಪುಗಟ್ಟಬೇಕೆಂದೇನೂ ಇಲ್ಲ. ರಕ್ತದ ಓಟ ಕುಗ್ಗುತ್ತದೆ, ಕಾಲು ಮರಗಟ್ಟುತ್ತದೆ, ಊದಿಕೊಳ್ಳುತ್ತದೆ, ಬೂಟು ಬಿಚ್ಚಿದರೆ ಮತ್ತೆ ಒಳಕ್ಕೆ ಹೋಗುವುದಿಲ್ಲ, ಕೊನೆಗೆ ಕೊಳೆಯುತ್ತದೆ. ಅದಕ್ಕೆ ಟ್ರೆಂಚ್ ಫುಟ್ ಎಂದು, ಕಂದಕದ ಕಾಲು ಎಂದು, ಹೆಸರೇ ಬಿತ್ತು. ಆ ಒಂದು ಚಳಿಗಾಲದಲ್ಲಿ ಬ್ರಿಟಿಷ್ ಸೈನ್ಯದಲ್ಲಿ ಸುಮಾರು 20,000 ಮಂದಿಗೆ ಅದು ಹಿಡಿಯಿತು.

ಮುಂದೆ ನಡೆದದ್ದನ್ನು ಗಮನಿಸಬೇಕು. ತಿಮಿಂಗಿಲದ ಎಣ್ಣೆ ತರಿಸಿ ಕಾಲಿಗೆ ಹಚ್ಚಿಸಿದರು, ಒಣ ಕಾಲುಚೀಲ ಕೊಟ್ಟರು, ಇಬ್ಬಿಬ್ಬರನ್ನು ಜೋಡಿ ಮಾಡಿ ಒಬ್ಬನ ಕಾಲನ್ನು ಇನ್ನೊಬ್ಬ ನೋಡಬೇಕೆಂದು ವಿಧಿಸಿದರು. ಇವೆಲ್ಲ ಸರಿಯೆ. ಆದರೆ ಇವುಗಳ ಮೇಲೆ ಇನ್ನೊಂದು ಕೆಲಸ ಮಾಡಿದರು. ಯಾವ ತುಕಡಿಯಲ್ಲಿ ಕಾಲು ಕೊಳೆತವರು ಹೆಚ್ಚೋ ಆ ತುಕಡಿಯ ಅಧಿಕಾರಿಯೇ ಅದಕ್ಕೆ ಜವಾಬ್ದಾರನೆಂದು ಹಿಡಿದರು. ಸಿಪಾಯಿಯ ಕಾಲು ಕೊಳೆತರೆ ಕ್ಯಾಪ್ಟನ್ ಸಾಹೇಬನ ಬಡ್ತಿಗೆ ಕುತ್ತು ಎಂದಾದ ಮೇಲೆ ಸಾಹೇಬರು ಬಗ್ಗಿ ಕಾಲು ನೋಡತೊಡಗಿದರು. ರೋಗ ಇಳಿಯಿತು. ಎಣ್ಣೆಯಿಂದ ಎಷ್ಟು ಇಳಿಯಿತು, ಹೊಣೆಗಾರಿಕೆಯಿಂದ ಎಷ್ಟು ಇಳಿಯಿತು ಎಂದು ಯಾರೂ ತೂಗಿ ಹೇಳಲಾರರು. ನಮ್ಮ ಮಟ್ಟಿಗೆ ಎರಡನೆಯದರ ಮೇಲೆಯೇ ಹೆಚ್ಚು ನಂಬಿಕೆ.

ಇನ್ನು ಹಿಮಕಡಿತದ ಮಾತು. ಇದು ಬೇರೆ ರೋಗ, ಇದರಲ್ಲಿ ಮಾಂಸವೇ ಹೆಪ್ಪುಗಟ್ಟುತ್ತದೆ. ಮೈ ತಣ್ಣಗಾಗುತ್ತ ಬಂದಾಗ ಹೃದಯ, ಮಿದುಳುಗಳನ್ನು ಉಳಿಸಿಕೊಳ್ಳಲು ದೇಹವು ಕೈಬೆರಳು ಕಾಲ್ಬೆರಳುಗಳಿಗೆ ರಕ್ತ ಕಳಿಸುವುದನ್ನು ಕಡಿಮೆ ಮಾಡಿಬಿಡುತ್ತದೆ. ದೇಹವೂ ಸರಕಾರದ ಹಾಗೆಯೇ ನೋಡಿ, ಕಷ್ಟ ಬಂದಾಗ ಮೊದಲು ಕೈಬಿಡುವುದು ದೂರದ ಹಳ್ಳಿಗಳನ್ನು. ಎತ್ತರದಲ್ಲಿ ಉಸಿರಿಗೆ ಪ್ರಾಣವಾಯು ಸಾಲದು, ಅದರಿಂದ ಕೇಡು ಇನ್ನೂ ಬೇಗ. ಬೂಟು ಬಿಗಿಯಾಗಿದ್ದರೆ ಇದ್ದ ರಕ್ತವೂ ನಿಂತಿತು. ಕಾಲುಚೀಲ ಬೆವರಿನಿಂದ ಒದ್ದೆಯಾದರೆ ಆ ತೇವವೇ ಮಂಜಾಯಿತು. ಕ್ಯಾನ್ವಾಸ್ ಷೂ ಆದರಂತೂ ಹಗಲು ಕರಗಿದ ಹಿಮದ ನೀರನ್ನು ಕುಡಿಯುತ್ತದೆ, ರಾತ್ರಿ ಹಲಗೆಯಂತೆ ಸೆಟೆದು ನಿಲ್ಲುತ್ತದೆ.

ಹೆಪ್ಪುಗಟ್ಟಿದ ಬೆರಳಿಗೆ ಹಿಮವನ್ನೇ ತಿಕ್ಕಬೇಕೆಂದು ಹಿಂದಿನವರು ಹೇಳುತ್ತಿದ್ದರು. ಅದು ತಪ್ಪು, ತಿಕ್ಕಿದರೆ ಮಾಂಸ ಹರಿಯುತ್ತದೆ. ಬೆಂಕಿಗೆ ಹಿಡಿಯುವುದೂ ತಪ್ಪು, ಮರಗಟ್ಟಿದ ಕಾಲಿಗೆ ಸುಟ್ಟದ್ದು ಗೊತ್ತಾಗುವುದಿಲ್ಲ. ಮೈಯ ಬಿಸಿಗಿಂತ ಒಂದೆರಡು ಡಿಗ್ರಿ ಹೆಚ್ಚಿರುವ ಬೆಚ್ಚನೆ ನೀರಿನಲ್ಲಿ, 37ರಿಂದ 39 ಡಿಗ್ರಿಯಲ್ಲಿ, ಅರ್ಧ ಗಂಟೆಯವರೆಗೆ ಇಟ್ಟು ಕರಗಿಸಬೇಕು. ಆದರೆ ಕರಗಿದ ಕಾಲು ಮತ್ತೊಮ್ಮೆ ಹೆಪ್ಪುಗಟ್ಟಿದರೆ ಆ ಕಾಲಿನ ಆಸೆ ಬಿಡಬೇಕು. ಅದಕ್ಕೇ ಆಸ್ಪತ್ರೆ ದೂರವಿದ್ದರೆ ಹೆಪ್ಪುಗಟ್ಟಿದ ಕಾಲಿನಲ್ಲೇ ನಡೆದು ಬಾ ಎಂದು ವೈದ್ಯರು ಹೇಳುತ್ತಾರೆ. ಕಾಲು ಕಲ್ಲಾಗಿದೆಯೆಂದು ಗೊತ್ತಿದ್ದೂ ಅದನ್ನೇ ಊರಿ ಮೈಲುಗಟ್ಟಲೆ ನಡೆಯಬೇಕು. ಇದು ಶಿಕ್ಷೆಯಲ್ಲ, ಚಿಕಿತ್ಸೆ.

ಇದಕ್ಕೆ ಬಡ ಸೈನಿಕರು ಎಲ್ಲ ದೇಶಗಳಲ್ಲೂ ತಮ್ಮ ತಮ್ಮ ಉಪಾಯ ಕಂಡುಕೊಂಡಿದ್ದಾರೆ. ರಷ್ಯದ ಸಿಪಾಯಿ ಕಾಲುಚೀಲದ ಬದಲು ಬಟ್ಟೆಯ ತುಂಡನ್ನೇ ಸುತ್ತಿಕೊಳ್ಳುತ್ತಿದ್ದ. ಒಂದು ತುದಿ ಒದ್ದೆಯಾದರೆ ತಿರುಗಿಸಿ ಇನ್ನೊಂದು ತುದಿ. ಉಣ್ಣೆಯನ್ನು ಅದುಮಿ ಮಾಡಿದ ದಪ್ಪ ಜೋಡು ಅವರ ಹಳ್ಳಿಗಳಲ್ಲಿ ಮೊದಲಿನಿಂದಲೂ ಇತ್ತು, ಯುದ್ಧಕ್ಕೂ ಅದೇ ಬಂತು. ಬೂಟು ಕೊಡುವಾಗ ಅಳತೆಗಿಂತ ದೊಡ್ಡದು ಕೊಡುತ್ತಿದ್ದರು, ಒಳಗೆ ಹುಲ್ಲು ಕಾಗದ ತುರುಕಲು ಜಾಗವಿರಲೆಂದು. ಎದುರಿಗೆ ಬಂದ ಜರ್ಮನ್ ಸೈನ್ಯದ ಬೂಟು ನೋಡಲು ಬಹಳ ಚೆನ್ನ, ಕಾಲಿಗೆ ಸರಿಯಾದ ಅಳತೆ, ಅಟ್ಟೆಗೆ ಕಬ್ಬಿಣದ ಮೊಳೆ. ಆ ಮೊಳೆಗಳೇ ನೆಲದ ಚಳಿಯನ್ನು ಕಾಲಿಗೆ ಹತ್ತಿಸಿದವು. ಚಳಿಗಾಲಕ್ಕೆ ಮೊದಲೇ ಮಾಸ್ಕೋ ಗೆದ್ದಾಗಿರುತ್ತದೆಂದು ಹಿಟ್ಲರನ ಸೇನಾನಿಗಳು ಲೆಕ್ಕ ಹಾಕಿದ್ದರು. 1941ರ ಡಿಸೆಂಬರಿನಲ್ಲಿ ಮಂತ್ರಿ ಗೋಬೆಲ್ಸ್ ರೇಡಿಯೋದಲ್ಲಿ ಜನರ ಮುಂದೆ ಸೆರಗೊಡ್ಡಿ ಚಳಿ ಉಡುಪಿನ ಭಿಕ್ಷೆ ಕೇಳಬೇಕಾಯಿತು. ಅಷ್ಟರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸೈನಿಕರಿಗೆ ಹಿಮ ಕಚ್ಚಿತ್ತು.

ಜರ್ಮನರ ಗರ್ವ ಮುರಿಯಿತೆಂದು ನಾವು ಸಂತೋಷಪಡುವ ಹಾಗಿಲ್ಲ. ಇಪ್ಪತ್ತೊಂದು ವರ್ಷದ ಮೇಲೆ ಅದೇ ತಪ್ಪು ನಮ್ಮ ಹಿಮಾಲಯದಲ್ಲಿ ನಡೆಯಿತು.

1962ರ ಸೆಪ್ಟೆಂಬರ್ 8ರಂದು ಅಂದಿನ ನೇಫಾದ, ಇಂದಿನ ಅರುಣಾಚಲದ, ಪಶ್ಚಿಮ ತುದಿಯ ಧೋಲಾ ಠಾಣೆಯನ್ನು ಚೀನೀ ಸೈನಿಕರು ಸುತ್ತುವರಿದರು. ಅವರನ್ನು ಹೊರದಬ್ಬಬೇಕೆಂದು ದೆಹಲಿಯಲ್ಲಿ ತೀರ್ಮಾನವಾಯಿತು. ಹೊರಟದ್ದು ಬ್ರಿಗೇಡಿಯರ್ ಜಾನ್ ದಳವಿಯವರ 7ನೆಯ ಬ್ರಿಗೇಡು. ಅದು ಸೇರಿದ್ದ 4ನೆಯ ಡಿವಿಜನ್ ಪಂಜಾಬಿನ ಬಯಲಿನಲ್ಲಿ ಕಾದುವುದಕ್ಕೆ ತಯಾರಾದದ್ದು. ತವಾಂಗಿನಿಂದ ಆಚೆಗೆ ಕಾಲುನಡಿಗೆ. ಹತುಂಗ್ ಲಾ ಎಂಬ ಕಣಿವೆ ದಾರಿ ದಾಟಬೇಕು, ಅದು 13,000 ಅಡಿಗೂ ಮೇಲೆ. ನಮ್ಮ ಕುದುರೆಮುಖದ ಶಿಖರ 6,200 ಅಡಿ ಚಿಲ್ಲರೆ. ಕುದುರೆಮುಖದ ಮೇಲೆ ಇನ್ನೊಂದು ಕುದುರೆಮುಖವನ್ನು ಇಟ್ಟು, ಅದರ ಮೇಲೂ ಸ್ವಲ್ಪ ಏರಿದರೆ ಎಷ್ಟೋ ಅಷ್ಟು. ಅಲ್ಲಿಗೆ ಹೊರಟ ಸೈನಿಕನ ಮೈಮೇಲೆ ಬೇಸಿಗೆಯ ಹತ್ತಿ ಸಮವಸ್ತ್ರ, ಹೆಗಲಿಗೆ ಒಂದೋ ಎರಡೋ ಕಂಬಳಿ, ಚೀಲದಲ್ಲಿ 50 ಗುಂಡು. ಬಹುಮಂದಿಯ ಕಾಲಿಗೆ ಕ್ಯಾನ್ವಾಸ್ ಷೂ.

ಕ್ಯಾನ್ವಾಸ್ ಷೂ ಎಂದರೆ ನಿಮ್ಮ ಮಕ್ಕಳು ಶಾಲೆಯಲ್ಲಿ ಕವಾಯತಿಗೆ ಹಾಕಿಕೊಳ್ಳುವುದು.

ನಮ್ಕಾ ಚು ಎಂಬ ಹೊಳೆಯ ದಂಡೆಯಲ್ಲಿ ಅವರು ವಾರಗಟ್ಟಲೆ ಹಾಗೆಯೇ ಇದ್ದರು. ಬೇಕಾದ ಸಾಮಾನನ್ನು ವಿಮಾನದಿಂದ ಎಸೆಯುತ್ತೇವೆಂದರು. ಎಸೆದದ್ದು ತ್ಸಾಂಗ್‌ಧರ್ ಎಂಬ ಚಪ್ಪಟೆ ಜಾಗಕ್ಕೆ, 14,500 ಅಡಿಯಲ್ಲಿ. ಹಳೆಯ ಪ್ಯಾರಾಚೂಟುಗಳು ಎಷ್ಟೋ ಬಿಚ್ಚಿಕೊಳ್ಳಲೇ ಇಲ್ಲ. ಸಾಮಾನಿನ ದೊಡ್ಡ ಪಾಲು ಕಮರಿಗಳ ಪಾಲಾಯಿತು. ಉಳಿದದ್ದನ್ನು ಹುಡುಕಿ ಹೊತ್ತು ತರಲು ಇದೇ ಸೈನಿಕರು ಇದೇ ಷೂಗಳಲ್ಲಿ ಹತ್ತಿ ಇಳಿಯಬೇಕಾಯಿತು. ದೊಡ್ಡ ದಾಳಿ ನಡೆಯುವ ಮೊದಲೇ ಚಳಿಯಿಂದಲೂ ಶ್ವಾಸಕೋಶದಲ್ಲಿ ನೀರು ತುಂಬಿಯೂ ಸತ್ತವರಿದ್ದರು. ಅಕ್ಟೋಬರ್ 12ರಂದು ಪ್ರಧಾನಿ ನೆಹರೂ ಸಿಂಹಳಕ್ಕೆ ಹೊರಟಾಗ, ನಮ್ಮ ನೆಲವನ್ನು ತೆರವು ಮಾಡಿಸಲು ಸೈನ್ಯಕ್ಕೆ ಹೇಳಿದ್ದೇವೆಂದು ಪತ್ರಕರ್ತರಿಗೆ ತಿಳಿಸಿದರು. ಎಲ್ಲ ಪತ್ರಿಕೆಗಳಲ್ಲೂ ದೊಡ್ಡ ಅಕ್ಷರದಲ್ಲಿ ಬಂತು. ತೆರವು ಮಾಡಿಸುವವನ ಕಾಲಿಗೆ ಏನಿದೆ ಎಂದು ಕೇಳಿದವರು ಯಾರು? ಎಂಟು ದಿನ ಕಳೆದು, ಅಕ್ಟೋಬರ್ 20ರ ಬೆಳಗಿನ ಜಾವ, ಚೀನದ ಫಿರಂಗಿಗಳು ಬಾಯಿಬಿಟ್ಟವು. ಕೆಲವೇ ಗಂಟೆಗಳಲ್ಲಿ ಬ್ರಿಗೇಡು ಇಲ್ಲವಾಯಿತು.

ದಳವಿ 22ರಂದು ಸೆರೆಸಿಕ್ಕಿ 1963ರ ಮೇ ತಿಂಗಳಲ್ಲಿ ಬಿಡುಗಡೆಯಾಗಿ ಬಂದರು. ಕಂಡದ್ದನ್ನು ಬರೆದು 1969ರಲ್ಲಿ ಪ್ರಕಟಿಸಿದ ಪುಸ್ತಕ 'ಹಿಮಾಲಯನ್ ಬ್ಲಂಡರ್'. ಅದನ್ನು ರವಿ ಬೆಳಗೆರೆ ಕನ್ನಡಕ್ಕೆ ತಂದದ್ದರಿಂದ ನಮ್ಮ ಹಳ್ಳಿಯ ವಾಚನಾಲಯಗಳಲ್ಲೂ ಈ ಕಥೆ ಗೊತ್ತಾಯಿತು. ಯುದ್ಧ ಮುಗಿದ ಮೇಲೆ ಸೈನ್ಯವೇ ನಡೆಸಿದ ವಿಚಾರಣೆಯ ವರದಿಯೊಂದು ಉಂಟು, ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಎಂಬ ಅಧಿಕಾರಿಗಳು 1963ರಲ್ಲಿ ಕೊಟ್ಟದ್ದು. ಅದರ ಒಂದು ಭಾಗವನ್ನು 2014ರಲ್ಲಿ ಹೊರಗೆ ಹಾಕಿದವರು ವಿದೇಶೀ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್. ನಮ್ಮ ಸರಕಾರಗಳು, ಯಾವ ಪಕ್ಷದವೇ ಆಗಲಿ, ಅದನ್ನು ಗುಟ್ಟಾಗಿಯೇ ಇಟ್ಟುಕೊಂಡು ಬಂದವು.

ಲಡಾಖಿನ ಕಡೆಗೂ ಒಮ್ಮೆ ನೋಡೋಣ. ರೆಜಾಂಗ್ ಲಾ ಎಂಬಲ್ಲಿ, 16,000 ಅಡಿಗೂ ಮೇಲೆ, 13ನೆಯ ಕುಮಾವೂನ್ ಪಡೆಯ ಒಂದು ಕಂಪೆನಿ. ನಾಯಕ ಮೇಜರ್ ಶೈತಾನ್ ಸಿಂಗ್. ಸಿಪಾಯಿಗಳು ಇಂದಿನ ಹರಿಯಾಣದ ಬಯಲುಸೀಮೆಯ ಅಹೀರ ರೈತರ ಮಕ್ಕಳು, ಹಿಮವನ್ನು ಮೊದಲ ಸಲ ಕಂಡವರೇ ಹೆಚ್ಚು. ಆ ಎತ್ತರಕ್ಕೆ ಸಾಲದ ಉಡುಪಿನಲ್ಲಿ 1962ರ ನವೆಂಬರ್ 18ರಂದು ಕಾದಿದರು. ಸುಮಾರು 120 ಮಂದಿಯಲ್ಲಿ 110ಕ್ಕೂ ಹೆಚ್ಚು ಜನ ಅಲ್ಲಿಯೇ ಬಿದ್ದರು. ಮಾರನೆಯ ವರ್ಷದ ಫೆಬ್ರವರಿಯಲ್ಲಿ ಹೋಗಿ ನೋಡಿದಾಗ ಕೈಯಲ್ಲಿ ಬಂದೂಕು ಹಿಡಿದಂತೆಯೇ ಹೆಪ್ಪುಗಟ್ಟಿದ್ದರು. ಅದೇ ನವೆಂಬರ್ 18ರ ಸುಮಾರಿಗೆ ಪೂರ್ವದಲ್ಲಿ ಸೇಲಾ ಬಿತ್ತು. ಚದುರಿದವರು ಗುಂಪು ಗುಂಪಾಗಿ ದಾರಿಯಿಲ್ಲದ ಬೆಟ್ಟಗಳಲ್ಲಿ, ಕೆಲವರು ಭೂತಾನದೊಳಗಿಂದ, ದಿನಗಟ್ಟಲೆ ನಡೆದು ಬಯಲು ಸೇರಿದರು. ಸೋಲಿನ ನಡಿಗೆಗೂ ಅದೇ ಷೂ.

ಇಲ್ಲಿ ಕಾಫಿ ಸೀಮೆಯ ಜನರಿಗೆ ಒಂದು ಮಾತು ಹೇಳದೆ ಹೋಗುವ ಹಾಗಿಲ್ಲ. ಆ ವರ್ಷಗಳಲ್ಲಿ ರಕ್ಷಣಾ ಖಾತೆಯ ಕಾರ್ಖಾನೆಗಳಲ್ಲಿ ಕಾಫಿ ಸೋಸುವ ಯಂತ್ರ ಮಾಡಿಸುತ್ತಿದ್ದಾರೆಂದು ಮಂತ್ರಿ ಕೃಷ್ಣ ಮೆನನ್ನರ ಮೇಲೆ ಟೀಕೆಯ ಸುರಿಮಳೆಯಾಗಿತ್ತು. ಯಂತ್ರಗಳು ಸುಮ್ಮನೆ ತುಕ್ಕು ಹಿಡಿಯುವುದಕ್ಕಿಂತ ಏನಾದರೂ ಮಾಡಲಿ ಎಂಬುದು ಅವರ ಪರದವರ ವಾದ. ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ಸುಮ್ಮನಿದ್ದ ಯಂತ್ರಕ್ಕೆ ಬೂಟಿನ ನೆನಪು ಬಾರದೆ ಕಾಫಿಯ ನೆನಪು ಬಂದದ್ದು ಹೇಗೆ? ನಮ್ಮ ತೋಟದ ಬೀಜವೂ ಆ ಯಂತ್ರದಲ್ಲಿ ಸೋಸಿದ್ದಿರಬಹುದು. ಮೆನನ್ ಅಕ್ಟೋಬರ್ ಕೊನೆಯಲ್ಲಿ ರಕ್ಷಣಾ ಖಾತೆಯನ್ನು, ನವೆಂಬರಿನಲ್ಲಿ ಮಂತ್ರಿಮಂಡಲವನ್ನು ಬಿಟ್ಟರು. ತಪ್ಪೆಲ್ಲ ಅವರೊಬ್ಬರ ತಲೆಗೆ ಕಟ್ಟಿ ಉಳಿದವರು ಕೈತೊಳೆದುಕೊಂಡರು. ಸೈನ್ಯ ಕೇಳಿದ ಪಟ್ಟಿಗಳಿಗೆ ವಿದೇಶೀ ಹಣವಿಲ್ಲವೆಂದು ಷರಾ ಬರೆದ ಖಾತೆಗಳಿದ್ದವು, ಉಡುಪಿಲ್ಲವೆಂದು ಗೊತ್ತಿದ್ದೂ ಹೊರಡಿಸಿದ ಜನರಲ್ಲುಗಳಿದ್ದರು, ಒಂದಂಗುಲ ನೆಲ ಬಿಡಬೇಡಿ ಎಂದು ಲೋಕಸಭೆಯಲ್ಲಿ ಮೇಜು ಗುದ್ದಿದ ಎಲ್ಲ ಬಣ್ಣದ ಸದಸ್ಯರಿದ್ದರು.

ಜನ ಮಾತ್ರ ಕೊಟ್ಟರು. ಅಕ್ಟೋಬರಿನಲ್ಲಿ ರಾಷ್ಟ್ರೀಯ ರಕ್ಷಣಾ ನಿಧಿ ತೆರೆದಾಗ ಹೆಣ್ಣುಮಕ್ಕಳು ಕೈಬಳೆ ಬಿಚ್ಚಿಕೊಟ್ಟರು, ಶಾಲೆಯ ಹುಡುಗಿಯರೂ ಉಲ್ಲನ್ ತಂದು ಸ್ವೆಟರ್ ಹೆಣೆದು ಕಳಿಸಿದರು. ಅದು ಸಣ್ಣ ತ್ಯಾಗವಲ್ಲ. ಆದರೆ ಬೂಟನ್ನು ಜಗಲಿಯಲ್ಲಿ ಕೂತು ಹೆಣೆಯಲು ಬರುವುದಿಲ್ಲ. ಅದಕ್ಕೆ ಚರ್ಮ ಹದಮಾಡಬೇಕು, ಅಳತೆ ಅಳತೆಗೆ ಬೇರೆ ಬೇರೆ ಅಚ್ಚು ಬೇಕು, ಅಟ್ಟೆಯೊಳಗೆ ಚಳಿ ತಡೆಯುವ ಪದರ ಬೇಕು, ಎರಡು ಕಾಲುಚೀಲ ಹಿಡಿಯುವಷ್ಟು ಒಳಗೆ ಜಾಗ ಬೇಕು, ಬೆವರು ಹೊರಗೆ ಹೋಗಬೇಕು, ನೀರು ಒಳಗೆ ಬರಬಾರದು. ಸಿದ್ಧವಾದ ಮೇಲೂ ಸೈನಿಕ ಅದನ್ನು ಕೆಲವು ವಾರ ಮೆಟ್ಟಿ ಕಾಲಿಗೆ ಹದ ಮಾಡಿಕೊಳ್ಳಬೇಕು. ಹೊಸ ಬೂಟು ಕಚ್ಚಿದ ಗುಳ್ಳೆ ಹಿಮದಲ್ಲಿ ಮಾಯುವುದಿಲ್ಲ. ಇಷ್ಟೆಲ್ಲ ಆಗಬೇಕಾದರೆ ಚಳಿಗಾಲಕ್ಕೆ ಒಂದು ವರ್ಷ ಮೊದಲೇ ಯಾರಾದರೂ ಒಬ್ಬ ಗುಮಾಸ್ತ ಕಾಗದ ಬರೆಯಬೇಕು, ಇನ್ನೊಬ್ಬ ಅಧಿಕಾರಿ ಅದಕ್ಕೆ ಸಹಿ ಹಾಕಬೇಕು, ಹಣದ ಖಾತೆ ಹಣ ಬಿಡಬೇಕು. ಈ ಸಾಲಿನಲ್ಲಿ ಒಬ್ಬ ತೂಕಡಿಸಿದರೂ ಕೊನೆಯಲ್ಲಿ ಒಂದು ಬೆರಳು ಕತ್ತರಿಸಬೇಕಾಗುತ್ತದೆ. ತೂಕಡಿಸಿದವನ ಬೆರಳಲ್ಲ.

ಮಲೆನಾಡಿನ ಹೆಂಗಸಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮುಂಗಾರಿಗೆ ಮೊದಲು ಸೌದೆ ಒಟ್ಟಬೇಕು, ಹಪ್ಪಳ ಸಂಡಿಗೆ ಒಣಗಿಸಿಡಬೇಕು, ಮಾಡು ಕೈಯಾಡಿಸಬೇಕು ಎಂದು ಆಕೆಗೆ ಗೊತ್ತು. ಜುಲೈ ತಿಂಗಳಲ್ಲಿ ಒಲೆ ಹೊತ್ತದಿದ್ದರೆ, ಮಳೆ ಇದ್ದಕ್ಕಿದ್ದಂತೆ ಬಂದುಬಿಟ್ಟಿತು ಎಂದರೆ ಯಾರು ಕೇಳುತ್ತಾರೆ? ಹಿಮಾಲಯದ ಚಳಿಗಾಲವೂ ಹೇಳದೆ ಬರುವ ನೆಂಟನಲ್ಲ.

ಈಗ ನಾವು ಹೇಳಲು ಹೊರಟ ಮಾತಿಗೆ ಬರುತ್ತೇವೆ. ಇಂಥ ಪ್ರಸಂಗಗಳಲ್ಲಿ ನಮ್ಮ ಪತ್ರಿಕೆಗಳೂ ಸಿನಿಮಾಗಳೂ ಭಾಷಣಗಳೂ ಸೈನಿಕನ ಸಹನೆಯನ್ನು ಹೊಗಳುತ್ತವೆ. ಕಾಗದ ತುರುಕಿಕೊಂಡು ನಿಂತ, ಗೋಣಿ ಸುತ್ತಿಕೊಂಡು ನಡೆದ, ಹೆಪ್ಪುಗಟ್ಟಿದ ಕಾಲಲ್ಲೂ ಹಿಂದೆಗೆಯಲಿಲ್ಲ ಎಂದು. ಅವನ ಧೈರ್ಯ ನಿಜ, ಅದಕ್ಕೆ ನಾವೂ ತಲೆಬಾಗುತ್ತೇವೆ. ಆದರೆ ಆ ಹೊಗಳಿಕೆಯ ನೆರಳಿನಲ್ಲಿ ಯಾರೋ ಅಡಗಿ ಕೂತಿರುತ್ತಾರೆ. ಗೋಣಿ ಸುತ್ತಿಕೊಂಡದ್ದು ಅವನ ಹಿರಿಮೆಯೆಂದು ಸಾವಿರ ಸಲ ಹೇಳಿದರೆ, ಬೂಟು ಕೊಡದಿದ್ದದ್ದು ಯಾರ ಕೀಳ್ಮೆ ಎಂದು ಕೇಳುವ ಬಾಯಿ ಮುಚ್ಚುತ್ತದೆ. ಕೇಳಿದರೆ ಸೈನಿಕನಿಗೆ ಅವಮಾನ ಮಾಡಿದೆ ಎನ್ನುತ್ತಾರೆ! ಸೈನಿಕನ ಕಾಲಿಗೆ ಆದ ಅವಮಾನಕ್ಕಿಂತ ಅದು ದೊಡ್ಡದೆ?

ಕೇಳಿದ ಕಡೆಗಳಲ್ಲಿ ಏನಾಯಿತೆಂಬುದಕ್ಕೂ ಉದಾಹರಣೆ ಉಂಟು. 1854ರಲ್ಲಿ ಬ್ರಿಟಿಷರು ಕ್ರಿಮಿಯದಲ್ಲಿ ಯುದ್ಧ ಮಾಡುತ್ತಿದ್ದಾಗ ಚಳಿ ಉಡುಪು ಹೇರಿಕೊಂಡು ಬಂದ 'ಪ್ರಿನ್ಸ್' ಎಂಬ ಹಡಗು ನವೆಂಬರ್ 14ರ ಬಿರುಗಾಳಿಯಲ್ಲಿ ಬಾಲಕ್ಲಾವ ಬಂದರಿನ ಬಾಯಲ್ಲೇ ಮುಳುಗಿತು. ಹಡಗು ಮುಳುಗಿದ್ದು ವಿಧಿ. ಆದರೆ ಇಡೀ ಸೈನ್ಯದ ಚಳಿಗಾಲವನ್ನು ಹಡಗಿನ ಬರವಿಗೆ ಕಟ್ಟಿಹಾಕಿದ್ದು ವಿಧಿಯಲ್ಲವಷ್ಟೆ. 'ಟೈಮ್ಸ್' ಪತ್ರಿಕೆಯ ರಸೆಲ್ ಎಂಬಾತ ಸೈನಿಕರ ಪಾಡನ್ನು ಇದ್ದದ್ದು ಇದ್ದ ಹಾಗೆ ಬರೆದ. ಪಾರ್ಲಿಮೆಂಟಿನಲ್ಲಿ ವಿಚಾರಣೆ ಬೇಕೆಂಬ ಗೊತ್ತುವಳಿ ಬಂತು. 1855ರ ಜನವರಿ ಕೊನೆಯಲ್ಲಿ ಲಾರ್ಡ್ ಅಬರ್ಡೀನನ ಮಂತ್ರಿಮಂಡಲವೇ ಉರುಳಿತು.

ನಮ್ಮಲ್ಲಿ 1962ರ ಮೇಲೆ ಬದಲಾವಣೆ ಆಗಲಿಲ್ಲವೆಂದರೆ ಸುಳ್ಳಾದೀತು. ಬೆಟ್ಟದ ಯುದ್ಧಕ್ಕೆಂದೇ ಡಿವಿಜನ್‌ಗಳು ಹುಟ್ಟಿದವು, ಉಡುಪಿಗೂ ಹಣ ಬಂತು. 1984ರ ಏಪ್ರಿಲ್ 13ರಂದು ಸಿಯಾಚಿನ್ ಹಿಮನದಿಗೆ ಸೈನ್ಯ ಹತ್ತಿದಾಗ ಯೂರೋಪಿನಿಂದ ತರಿಸಿದ ಚಳಿ ಉಡುಪು ಇತ್ತು. ಅಲ್ಲಿಂದ ಈಚೆಗೆ ನಮ್ಮವರು ಅಲ್ಲಿ ಚಳಿಗಾಲ ಬೇಸಿಗೆಯೆನ್ನದೆ ಇದ್ದಾರೆ. ಶತ್ರುವಿನ ಗುಂಡಿಗಿಂತ ಚಳಿಗೂ ಹಿಮಪಾತಕ್ಕೂ ಬಲಿಯಾದವರೇ ಅಲ್ಲಿ ಹೆಚ್ಚು. ಬೂಟಿನ ವಿಷಯ ಮುಗಿಯಿತೆಂದು ನಾವೆಲ್ಲ ತಿಳಿದೆವು.

2016ರ ಫೆಬ್ರವರಿ 3ರಂದು ಸಿಯಾಚಿನ್ನಿನ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿಯಿತು. ಎತ್ತರ ಸುಮಾರು 19,600 ಅಡಿ. ಮುಳ್ಳಯ್ಯನಗಿರಿಯನ್ನು ಮೂರು ಸಲ ಒಂದರ ಮೇಲೊಂದು ಇಟ್ಟರೂ ಅಲ್ಲಿಗೆ ಮುಟ್ಟುವುದಿಲ್ಲ. 19ನೆಯ ಮದ್ರಾಸ್ ಪಡೆಯ ಹತ್ತು ಮಂದಿ ಹೂತುಹೋದರು. ಅವರಲ್ಲಿ ಮೂವರು ಕನ್ನಡಿಗರು: ಹಾಸನದ ತೇಜೂರಿನ ಸುಬೇದಾರ್ ನಾಗೇಶ, ಹೆಗ್ಗಡದೇವನಕೋಟೆ ತಾಲೂಕಿನ ಸಿಪಾಯಿ ಮಹೇಶ, ಕುಂದಗೋಳ ತಾಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆರನೆಯ ದಿನ ಅಗೆದಾಗ ಹನುಮಂತಪ್ಪ ಜೀವಸಹಿತ ಸಿಕ್ಕಿದರು. ಇಡೀ ದೇಶ ಉಸಿರು ಬಿಗಿಹಿಡಿದು ಕಾಯಿತು. ಫೆಬ್ರವರಿ 11ರಂದು ದೆಹಲಿಯ ಸೈನಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. 13 ವರ್ಷದ ನೌಕರಿಯಲ್ಲಿ 10 ವರ್ಷ ಕಷ್ಟದ ಜಾಗಗಳಲ್ಲೇ ಕಳೆದಿದ್ದರೆಂದು ಸೈನ್ಯವೇ ಹೇಳಿತು.

ಆ ಸಾವಿಗೆ ಕಾರಣ ಹಿಮಪಾತ. ಬೂಟು ಕಾರಣವೆಂದು ನಾವು ಹೇಳುವುದಿಲ್ಲ, ಹಾಗೆ ಹೇಳುವವರನ್ನು ನಂಬಲೂ ಬೇಡಿ. ನಾವು ಹೇಳುವುದು ಬೇರೆ. 2020ರ ಫೆಬ್ರವರಿಯಲ್ಲಿ ದೇಶದ ಮಹಾಲೆಕ್ಕಪರಿಶೋಧಕರ ಒಂದು ವರದಿ ಪಾರ್ಲಿಮೆಂಟಿನ ಮುಂದೆ ಬಂತು. ಎತ್ತರದ ಹಿಮಪ್ರದೇಶಗಳ ಸೈನಿಕರಿಗೆ ಉಡುಪು ಸಲಕರಣೆ ಕೊಳ್ಳುವುದರಲ್ಲಿ ನಾಲ್ಕು ವರ್ಷದವರೆಗೂ ತಡವಾಗಿತ್ತೆಂದೂ, ಹಿಮದ ಕನ್ನಡಕಗಳ ಕೊರತೆ ಶೇಕಡ 62ರಿಂದ 98ರವರೆಗೆ ಇತ್ತೆಂದೂ ಅದರಲ್ಲಿ ಬರೆದಿತ್ತು. 2015ರ ನವೆಂಬರಿನಿಂದ 2016ರ ಸೆಪ್ಟೆಂಬರ್‌ವರೆಗೆ ಸೈನಿಕರಿಗೆ ಬಹೂಪಯೋಗಿ ಬೂಟುಗಳನ್ನು ಕೊಡಲೇ ಇಲ್ಲ, ಇದ್ದ ಹಳೆಯ ಬೂಟುಗಳನ್ನೇ ಮರಳಿ ಬಳಸಿ ಕಳೆಯಬೇಕಾಯಿತು ಎಂದೂ ಬರೆದಿತ್ತು. ಆ ತಿಂಗಳುಗಳನ್ನು ಲೆಕ್ಕ ಹಾಕಿ. ನಾವೆಲ್ಲ ಊರೂರಿನಲ್ಲಿ ದೀಪ ಹಚ್ಚಿ ಹನುಮಂತಪ್ಪನವರ ಚಿತ್ರಕ್ಕೆ ಹೂಮಾಲೆ ಹಾಕಿದ ಚಳಿಗಾಲವೇ ಅದು. ಮಾಲೆ ಹಾಕಿದ ಮಂತ್ರಿಗಳಿಗೆ ಹಿಮದಲ್ಲಿ ಇನ್ನೂ ನಿಂತಿರುವವರ ಕಾಲು ನೆನಪಾಗಲಿಲ್ಲ. ವರದಿ ಹೊರಬಿದ್ದ ಮೇಲೆ ಸೈನ್ಯದ ಕಡೆಯಿಂದ ಉತ್ತರ ಬಂತು, ಅದು ಹಿಂದಿನ ಮಾತು, ಈಗ ಕೊರತೆ ಸರಿಪಡಿಸಿದ್ದೇವೆ ಎಂದು. ಸರಿಪಡಿಸಿದ್ದರೆ ಸಂತೋಷ. ಆದರೆ ಅದೇ ವರ್ಷ ಚೀನದೊಡನೆ ಲಡಾಖಿನಲ್ಲಿ ಘರ್ಷಣೆಯಾಗಿ ಚಳಿಗಾಲಕ್ಕೆ ಇನ್ನಷ್ಟು ಸಾವಿರ ಸೈನಿಕರನ್ನು ಹತ್ತಿಸಬೇಕಾಗಿ ಬಂದಾಗ ಅಮೆರಿಕದಿಂದ ಚಳಿ ಉಡುಪನ್ನು ತುರ್ತಾಗಿ ತರಿಸಿಕೊಂಡರು.

ಕೊರತೆ ಹಿಮಾಲಯದಲ್ಲಿ ಮಾತ್ರ ಎಂದು ತಿಳಿಯಬೇಡಿ. ತೋಟದ ಕೆಲಸಗಾರರಿಗಾಗಿ 1951ರಲ್ಲಿ ಮಾಡಿದ ಕಾಯಿದೆಯ 17ನೆಯ ಕಲಮಿನಲ್ಲಿ ಮಳೆ ಚಳಿಯಿಂದ ರಕ್ಷಣೆಗೆ ಕೊಡೆ, ಕಂಬಳಿ, ಮಳೆ ಅಂಗಿಗಳನ್ನು ಹೆಸರು ಹೇಳಿ ಬರೆದರು. ಕಾಲಿಗೆ ಏನೆಂದು ಹೆಸರು ಹೇಳಲಿಲ್ಲ. ಇಂಥ ಬೇರೆ ಅನುಕೂಲಗಳು ಎಂಬ ಎರಡು ಮಾತಿನೊಳಗೆ ಕಾಲು ಹುದುಗಿಹೋಯಿತು. ಆದರೆ 1961ರ ಗಣಿ ನಿಯಮಗಳಲ್ಲಿ ರಕ್ಷಣೆಯ ಪಾದರಕ್ಷೆಯಿಲ್ಲದೆ ಯಾರನ್ನೂ ಗಣಿಗೆ ಬಿಡಬಾರದೆಂದು ಸ್ಪಷ್ಟವಾಗಿ ಬರೆದರು. ಒಂದೇ ಬೆಟ್ಟ, ಒಂದೇ ಮಳೆ. 2005ರ ಕೊನೆಯವರೆಗೂ ಕುದುರೆಮುಖದ ಗಣಿಯಲ್ಲಿ ದುಡಿದವನಿಗೆ ಬೂಟು ಕಾನೂನಿನ ಹಕ್ಕು, ಕೆಳಗೆ ತೋಟದಲ್ಲಿ ಚಿಗುರು ತೆಗೆಯುತ್ತಿದ್ದ ಅವನ ಹೆಂಡತಿಗೆ ಬರಿಗಾಲು. ಈಗ ಗಂಬೂಟು ಮೆಟ್ಟಿದವರು ಅಲ್ಲಲ್ಲಿ ಕಾಣುತ್ತಾರೆ, ನಿಜ. ಅದನ್ನು ಧಣಿ ಕೊಟ್ಟದ್ದೋ, ಬಟವಾಡೆಯ ಹಣದಲ್ಲಿ ತಾನೇ ಕೊಂಡದ್ದೋ ಎಂಬುದನ್ನು ಇಲ್ಲಿ ಕೂತಿರುವವರು ನಮಗಿಂತ ಚೆನ್ನಾಗಿ ಬಲ್ಲರು. ಇದನ್ನು ಏಕೆ ಹೇಳಿದೆವೆಂದರೆ, ಬರೆದಿಟ್ಟಲ್ಲಿ ಬೂಟು ಬರುತ್ತದೆ, ಬರೆಯದೆ ಬಿಟ್ಟಲ್ಲಿ ಬರುವುದಿಲ್ಲ.

ಆದ್ದರಿಂದ ಈ ಸಭೆ ಒಂದು ಕೆಲಸ ಮಾಡಬೇಕೆಂದು ನಮ್ಮ ಸೂಚನೆ. ಕಳಸ ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದು. ನಮ್ಮ ಸದಸ್ಯರು ಯಾವ ಪಕ್ಷದವರೇ ಇರಲಿ, ಅವರಿಗೊಂದು ಕಾಗದ ಬರೆಯೋಣ. ಪ್ರತಿ ವರ್ಷ ಮಳೆಗಾಲದ ಅಧಿವೇಶನದಲ್ಲಿ, ಅಂದರೆ ಹಿಮ ಬೀಳುವ ಮೊದಲು, ರಕ್ಷಣಾ ಮಂತ್ರಿಯನ್ನು ಮೂರು ಪ್ರಶ್ನೆ ಕೇಳಿ ಎಂದು. ಈ ಚಳಿಗಾಲಕ್ಕೆ ಎಷ್ಟು ಜೊತೆ ಬೂಟು ಬೇಕು? ಎಷ್ಟು ಬಂದಿದೆ? ಬಾರದಿದ್ದರೆ ಕಾಗದ ಯಾರ ಮೇಜಿನ ಮೇಲಿದೆ?

ಸೈನ್ಯದ ಗುಟ್ಟು ಹೊರಗೆ ಹೇಳಬಾರದೆಂದು ಉತ್ತರ ಕೊಡುತ್ತಾರೆಂದು ನಮಗೆ ಗೊತ್ತು. ಲೆಕ್ಕಪರಿಶೋಧಕರು ಕನ್ನಡಕದ ಕೊರತೆಯನ್ನು ಶೇಕಡವಾರು ಅಚ್ಚು ಹಾಕಿಸಿದರು, ಅದರಿಂದ ಯಾವ ಠಾಣೆಯೂ ಶತ್ರುವಿನ ಕೈಗೆ ಹೋಗಲಿಲ್ಲ. ಬೂಟಿಲ್ಲವೆಂಬುದು ಎದುರಿಗೆ ದುರ್ಬೀನು ಹಿಡಿದು ಕೂತವನಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದವರು ನಾವು ಮಾತ್ರ.

ಕಾಗದವನ್ನು ಈ ಸಭೆ ಮುಗಿಯುವುದರೊಳಗೆ ಬರೆದು ಸಹಿ ಹಾಕಿಸಿಕೊಳ್ಳುತ್ತೇವೆ. ಮನೆಯಿಂದ ಯಾರಾದರೂ ಸೈನ್ಯಕ್ಕೆ ಹೋಗಿದ್ದರೆ ಅಂಥವರು ಮೊದಲು ಸಹಿ ಮಾಡಲಿ. ಉತ್ತರ ಬಂದರೆ ಈ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತೇವೆ. ಬಾರದಿದ್ದರೆ, ಬರಲಿಲ್ಲವೆಂದು ತಾರೀಕು ಸಹಿತ ಅಚ್ಚು ಹಾಕಿಸುತ್ತೇವೆ.